5554: ಕಾರ್ಡಿನ ಮೇಲಿನ ನಾಲ್ಕು ಅಂಕಿ

ಒಂದು ಅಂಚೆ ಕಾರ್ಡಿನಲ್ಲಿ ಎಷ್ಟು ಬರೆಯಬಹುದು? ನಮ್ಮ ಅಜ್ಜಂದಿರ ಕಾಲದವರನ್ನು ಕೇಳಿ. ಕ್ಷೇಮ ಸಮಾಚಾರ, ಮಳೆ ಬೆಳೆ, ಮದುವೆಯ ಮಾತುಕತೆ ಎಲ್ಲ ಬರೆದು, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡವಾಗಿ ‘ಉಳಿದದ್ದು ಮುಖತಃ’ ಎಂದೂ ಸೇರಿಸುತ್ತಿದ್ದರು. ಆದರೆ ಬರೀ ನಾಲ್ಕು ಅಂಕಿಯಲ್ಲಿ ಮುಗಿಯುವ ಪತ್ರಗಳೂ ಜಗತ್ತಿನಲ್ಲಿ ಓಡಾಡುತ್ತಿದ್ದವು. ಅವುಗಳಲ್ಲಿ ಒಂದು 5554. ಅಮೆರಿಕದಲ್ಲಿದ್ದ ಒಬ್ಬರು ಮಾಸ್ಕೊದಲ್ಲಿದ್ದ ಇನ್ನೊಬ್ಬರಿಗೆ 1960ರ ದಶಕದಲ್ಲಿ ಕಳಿಸಿದ ಒಂದು ಚೆಸ್ ನಡೆಯನ್ನು ಅಂಚೆ ಆಟದ ಅಂಕಿಗಳಲ್ಲಿ ಬರೆದರೆ ಇಷ್ಟೇ ಆಗುತ್ತದೆ.

ಆ ನಡೆ ಆಡಿದವರು ಹ್ಯಾನ್ಸ್ ಬರ್ಲಿನರ್. ಅದನ್ನು ಪಡೆದವರು ಯಾಕೊವ್ ಎಸ್ಟ್ರಿನ್. ಆಟ ನಡೆದದ್ದು ಐದನೇ ವಿಶ್ವ ಅಂಚೆ ಚೆಸ್ ಚಾಂಪಿಯನ್‌ಷಿಪ್‌ನಲ್ಲಿ. ಅದು 1965ರಲ್ಲಿ ಶುರುವಾಗಿ 1968ರಲ್ಲಿ ಮುಗಿಯಿತು. ಹೌದು, ಒಂದು ಪಂದ್ಯಾವಳಿಗೆ ಮೂರು ವರ್ಷ!

ಮನೆಯಲ್ಲಿ ಚೆಸ್ ಬೋರ್ಡ್ ಇದ್ದರೆ ಎದುರಿಗೆ ಇಟ್ಟುಕೊಂಡು ಓದಿ. ಅಪ್ಪನೋ ಅಕ್ಕನೋ ಕಪ್ಪು ಕಾಯಿಗಳನ್ನು ನಡೆಸಲಿ, ನೀವು ಬಿಳಿಯದ್ದನ್ನು ನಡೆಸಿ. ಬೋರ್ಡ್ ಇಲ್ಲದವರೂ ಕಥೆಯನ್ನು ಹಿಂಬಾಲಿಸಬಹುದು.

ಭಾಷೆ ಬೇಡದ ಪತ್ರ

ಮೊದಲು ಆ ಅಂಕಿಗಳ ಗುಟ್ಟು. ಚೆಸ್ ಬೋರ್ಡಿನ ಎಂಟು ಉದ್ದಸಾಲುಗಳನ್ನು ಎ, ಬಿ, ಸಿ ಎಂದು ಎಚ್‌ವರೆಗೆ ಕರೆಯುತ್ತಾರೆ. ಎಂಟು ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಸಂಖ್ಯೆ. ಹಾಗಾಗಿ ಇ4 ಅಂದರೆ ಇ ಸಾಲಿನ ನಾಲ್ಕನೇ ಮನೆ. ಆದರೆ ರಷ್ಯನ್ನರ ಅಕ್ಷರವೇ ಬೇರೆ, ಕುದುರೆಗೂ ಆನೆಗೂ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಪತ್ರದಲ್ಲಿ ಗೊಂದಲವಾದರೆ ಆಟವೇ ಕೆಟ್ಟಿತು. ಅದಕ್ಕೆ ಅಂತರರಾಷ್ಟ್ರೀಯ ಅಂಚೆ ಚೆಸ್‌ನಲ್ಲಿ ಅಕ್ಷರಗಳನ್ನೇ ಬಿಟ್ಟುಬಿಟ್ಟರು. ಎ ಸಾಲು 1, ಬಿ ಸಾಲು 2, ಹೀಗೆ ಎಚ್ ಸಾಲು 8. ಇ2ರಲ್ಲಿರುವ ಪದಾತಿ ಇ4ಕ್ಕೆ ಹೋದರೆ 5254. ಮೊದಲ ಎರಡು ಅಂಕಿ ಹೊರಟ ಮನೆ, ಮುಂದಿನ ಎರಡು ಸೇರಿದ ಮನೆ. ಬಿಳಿಯ ಕುದುರೆ ಜಿ1ರಿಂದ ಎಫ್3ಕ್ಕೆ ಜಿಗಿದರೆ 7163. ಇದನ್ನು ಓದಲು ರಷ್ಯನ್ನೂ ಬೇಡ, ಇಂಗ್ಲಿಷೂ ಬೇಡ. ಕನ್ನಡ ಮಾತ್ರ ಬಲ್ಲವರೂ ಮಾಸ್ಕೊದವರ ಜೊತೆ ಆಡಬಹುದು.

ಇಂಥ ಅಂಕಿಗಳನ್ನು ಕಂಡು ಎಲ್ಲರೂ ನಗುತ್ತಿರಲಿಲ್ಲ ಅನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಂಚೆ ತಪಾಸಣೆಯವರಿಗೆ ಇವು ಗೂಢಚಾರರ ಸಂಕೇತದಂತೆ ಕಂಡು ತೊಂದರೆಯಾದದ್ದುಂಟು.

ಆಟದ ಕ್ರಮ ಹೀಗೆ. ಎದುರಾಳಿಯ ಕಾರ್ಡು ನಿಮ್ಮ ಕೈ ಸೇರಿದ ದಿನದಿಂದ ನೀವು ಉತ್ತರ ಅಂಚೆಗೆ ಹಾಕುವ ದಿನದವರೆಗೆ ನಿಮ್ಮ ಗಡಿಯಾರ ಓಡುತ್ತದೆ. ಕಾರ್ಡು ದಾರಿಯಲ್ಲಿರುವ ದಿನಗಳು ಯಾರ ಲೆಕ್ಕಕ್ಕೂ ಇಲ್ಲ. ಸಾಮಾನ್ಯವಾಗಿ ಹತ್ತು ನಡೆಗಳಿಗೆ ಮೂವತ್ತು ದಿನ. ಒಂದು ನಡೆಗೆ ಒಂದೇ ದಿನ ಸಾಕಾದರೆ ಉಳಿದ ದಿನಗಳನ್ನು ಕಷ್ಟದ ನಡೆಗೆ ಇಟ್ಟುಕೊಳ್ಳಬಹುದು. ಪುಸ್ತಕ ತೆಗೆದು ನೋಡಬಹುದು, ಕಾಯಿಗಳನ್ನು ಕೈಯಿಂದ ಸರಿಸಿ ಪರೀಕ್ಷಿಸಬಹುದು. ಎದುರುಬದುರು ಕೂತು ಆಡುವಾಗ ಇವೆರಡೂ ನಿಷಿದ್ಧ. ಆದರೆ ಒಮ್ಮೆ ಡಬ್ಬಿಗೆ ಹಾಕಿದ ಕಾರ್ಡನ್ನು ವಾಪಸ್ ತೆಗೆಯುವಂತಿಲ್ಲ. ಅಂಕಿ ತಪ್ಪಿ ಬರೆದರೂ ಅದೇ ನಿಮ್ಮ ನಡೆ. ಇಡೀ ವಾರ ತಲೆ ಕೆಡಿಸಿಕೊಂಡು, ಬರೆಯುವಾಗ ಅವಸರ ಮಾಡಿ ಸೋತವರು ಎಷ್ಟೋ ಮಂದಿ.

ಈ ಆಟ ಹೊಸದೇನಲ್ಲ. 1824ರಲ್ಲೇ ಎಡಿನ್‌ಬರೊ ಮತ್ತು ಲಂಡನ್ ನಗರಗಳ ಚೆಸ್ ಕ್ಲಬ್‌ಗಳು ಅಂಚೆಯಲ್ಲಿ ಸ್ಪರ್ಧೆಗಿಳಿದು ನಾಲ್ಕು ವರ್ಷ ಆಡಿದ್ದವು. ಗೆದ್ದದ್ದು ಎಡಿನ್‌ಬರೊ. ಇಂದಿಗೂ ಮಕ್ಕಳು ಕಲಿಯುವ ‘ಸ್ಕಾಚ್’ ಆರಂಭಕ್ಕೆ ಆ ಹೆಸರು ಬಂದದ್ದು ಆ ಸ್ಪರ್ಧೆಯಿಂದ. ಮುಂದೆ ಗ್ರ್ಯಾಂಡ್‌ಮಾಸ್ಟರ್ ಆದ ಎಸ್ಟೋನಿಯಾದ ಪೌಲ್ ಕೆರೆಸ್ ಹುಡುಗನಾಗಿದ್ದಾಗ ತಮ್ಮ ಊರಿನಲ್ಲಿ ತಕ್ಕ ಎದುರಾಳಿಗಳು ಸಿಗದೆ ಅಂಚೆಯಲ್ಲೇ ಆಡಿ ಆಡಿ ಬೆಳೆದವರು. ಸಣ್ಣ ಊರಿನ ಮಕ್ಕಳಿಗೆ ಈ ಮಾತು ಇಷ್ಟವಾದೀತು.

ಇಬ್ಬರು ಆಟಗಾರರು

ಬರ್ಲಿನರ್ ಹುಟ್ಟಿದ್ದು 1929ರಲ್ಲಿ, ಜರ್ಮನಿಯ ಬರ್ಲಿನ್‌ನಲ್ಲಿ. ನಾಜಿಗಳ ಕಿರುಕುಳದಿಂದ ತಪ್ಪಿಸಿಕೊಳ್ಳಲು ಅವರ ಕುಟುಂಬ 1937ರಲ್ಲಿ ಅಮೆರಿಕಕ್ಕೆ ಬಂತು. ಎಂಟು ವರ್ಷದ ಹುಡುಗನಿಗೆ ಹೊಸ ದೇಶ, ಹೊಸ ಭಾಷೆ. ಚೆಸ್ ಕಲಿತದ್ದು ಹದಿಮೂರನೇ ವಯಸ್ಸಿನಲ್ಲಿ. ಈಗಿನ ಲೆಕ್ಕದಲ್ಲಿ ಅದು ತೀರಾ ತಡ. ಆದರೂ ಹತ್ತು ವರ್ಷಗಳಲ್ಲಿ, 1952ರ ಹೆಲ್ಸಿಂಕಿ ಒಲಿಂಪಿಯಾಡ್‌ಗೆ ಹೋದ ಅಮೆರಿಕ ತಂಡದಲ್ಲಿ ಅವರಿದ್ದರು.

ಎಸ್ಟ್ರಿನ್ 1923ರಲ್ಲಿ ಹುಟ್ಟಿದವರು, ಮಾಸ್ಕೊದವರು. ಆ ದಿನಗಳಲ್ಲಿ ಸೋವಿಯತ್ ಒಕ್ಕೂಟ ಎಂದರೆ ಚೆಸ್‌ನ ತವರು. ಅಲ್ಲಿಯ ಆಟಗಾರರಿಗೆ ಆರಂಭದ ನಡೆಗಳ ಜ್ಞಾನದಲ್ಲಿ ಸರಿಸಾಟಿ ಇರಲಿಲ್ಲ. ಅವರಲ್ಲೂ ಎಸ್ಟ್ರಿನ್ ಆರಂಭಗಳ ಪಂಡಿತರೆಂದೇ ಹೆಸರಾದವರು. ‘ಎರಡು ಕುದುರೆಗಳ ರಕ್ಷಣೆ’ ಎಂಬ ಆರಂಭದ ಬಗ್ಗೆಯಂತೂ ಒಂದು ಪುಸ್ತಕವನ್ನೇ ಬರೆದವರು. ಈ ವಿಷಯ ನೆನಪಿಟ್ಟುಕೊಳ್ಳಿ.

ಫೈನಲ್‌ನಲ್ಲಿ ಹದಿನೇಳು ಮಂದಿ. ಪ್ರತಿಯೊಬ್ಬರೂ ಉಳಿದ ಹದಿನಾರು ಮಂದಿಯ ಜೊತೆ ಒಂದೊಂದು ಆಟ, ಎಲ್ಲವೂ ಒಟ್ಟಿಗೆ. ಮನೆಯ ಮೇಜಿನ ಮೇಲೆ ಹದಿನಾರು ಆಟಗಳು ವರ್ಷಗಟ್ಟಲೆ ನಡೆಯುತ್ತಿರುತ್ತವೆ ಎಂದು ಊಹಿಸಿಕೊಳ್ಳಿ. ಬೆಳಿಗ್ಗೆ ಅಂಚೆಯವನು ಬಂದರೆ ಯಾವ ದೇಶದ ಸ್ಟಾಂಪು ಎಂಬ ಕುತೂಹಲ. ಅವುಗಳಲ್ಲಿ ಒಂದರಲ್ಲಿ, ಬಿಳಿ ಕಾಯಿಗಳ ಎಸ್ಟ್ರಿನ್ ಎದುರು ಕಪ್ಪು ಕಾಯಿಗಳ ಬರ್ಲಿನರ್.

ಮಕ್ಕಳು ಇಷ್ಟಪಡುವ ಆರಂಭ

ನಮ್ಮಲ್ಲಿ ಕಾಯಿಗಳಿಗೆ ಮನೆಗೊಂದು ಹೆಸರು. ಇಲ್ಲಿ ಮೂಲೆಯಲ್ಲಿ ನಿಂತು ನೇರವಾಗಿ ಸಾಗುವುದನ್ನು ಆನೆ ಎಂದೂ, ಓರೆಯಾಗಿ ಸಾಗುವುದನ್ನು ಒಂಟೆ ಎಂದೂ, ಮುಂದಿನ ಸಾಲಿನ ಎಂಟನ್ನು ಪದಾತಿಗಳೆಂದೂ ಕರೆಯೋಣ. ರಾಜ, ರಾಣಿ, ಕುದುರೆಗಳಲ್ಲಿ ಜಗಳವಿಲ್ಲ.

ಬಿಳಿ ಪದಾತಿ ಇ4ಕ್ಕೆ, ಕಪ್ಪು ಪದಾತಿ ಇ5ಕ್ಕೆ. ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಕುದುರೆ ಸಿ6ಕ್ಕೆ. ಬಿಳಿ ಒಂಟೆ ಸಿ4ಕ್ಕೆ, ಕಪ್ಪಿನ ಇನ್ನೊಂದು ಕುದುರೆ ಎಫ್6ಕ್ಕೆ. ಎರಡೂ ಕುದುರೆಗಳು ಹೊರಬಂದದ್ದರಿಂದ ‘ಎರಡು ಕುದುರೆಗಳ ರಕ್ಷಣೆ’. ಹದಿನಾರನೇ ಶತಮಾನದ ಕೊನೆಯ ಹೊತ್ತಿಗೇ ಇಟಲಿಯ ಪೊಲೇರಿಯೊ ಎಂಬ ಆಟಗಾರ ಇದನ್ನು ಬರೆದಿಟ್ಟಿದ್ದ.

ನಾಲ್ಕನೇ ನಡೆಗೆ ಎಸ್ಟ್ರಿನ್ ಎಫ್3ರ ಕುದುರೆಯನ್ನು ಜಿ5ಕ್ಕೆ ನುಗ್ಗಿಸಿದರು. ಶಾಲಾ ಮಕ್ಕಳ ಟೂರ್ನಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ, ಯಾವುದಾದರೊಂದು ಬೋರ್ಡಿನಲ್ಲಿ ಈ ಕುದುರೆ ಜಿ5ರಲ್ಲಿ ಕೂತಿರುತ್ತದೆ. ಕಾರಣ ಸರಳ. ಸಿ4ರ ಒಂಟೆ, ಜಿ5ರ ಕುದುರೆ ಎರಡೂ ಎಫ್7ರ ಮೇಲೆ ಕಣ್ಣಿಟ್ಟಿವೆ. ಆ ಬಡಪಾಯಿ ಪದಾತಿಗೆ ರಾಜನೊಬ್ಬನೇ ಕಾವಲು. ಕಪ್ಪು ಎಚ್ಚರ ತಪ್ಪಿದರೆ ಕುದುರೆ ಎಫ್7ಕ್ಕೆ ಬಿದ್ದು ರಾಜನನ್ನು ಬೀದಿಗೆಳೆಯುತ್ತದೆ. ಆ ದಾಳಿಗೆ ‘ಫ್ರೈಡ್ ಲಿವರ್’, ಅಂದರೆ ಹುರಿದ ಪಿತ್ತಜನಕಾಂಗ ಎಂಬ ಭಯಂಕರ ಹೆಸರೂ ಇದೆ. ಜರ್ಮನಿಯ ವೈದ್ಯರೂ ದೊಡ್ಡ ಚೆಸ್ ಗುರುಗಳೂ ಆಗಿದ್ದ ತಾರಾಷ್ ಅವರಿಗೆ ಮಾತ್ರ ಜಿ5ರ ಈ ಕುದುರೆಯನ್ನು ಕಂಡರಾಗುತ್ತಿರಲಿಲ್ಲ. ಆಟ ಬಾರದವರ ನಡೆ ಎಂದು ಜರೆದಿದ್ದರು. ಅವರ ಮಾತು ಪೂರ್ತಿ ನಿಜವಲ್ಲ. ವಿಶ್ವ ಚಾಂಪಿಯನ್ನರೂ ಇದನ್ನು ಆಡಿದ್ದಾರೆ. ಆದರೆ ಒಂದೇ ಕಾಯನ್ನು ಎರಡೆರಡು ಸಲ ನಡೆಸಿ ಉಳಿದ ಸೈನ್ಯವನ್ನು ಮನೆಯಲ್ಲೇ ಮಲಗಿಸಿದರೆ ಏನಾಗುತ್ತದೆ ಎಂಬ ಅವರ ಚಿಂತೆ ಮುಂದೆ ನಮಗೆ ಅರ್ಥವಾಗುತ್ತದೆ.

ಕಪ್ಪು ಪದಾತಿ ಡಿ5ಕ್ಕೆ ಬಂದು ಒಂಟೆಯ ದಾರಿ ಕಟ್ಟಿತು. ಬಿಳಿ ಪದಾತಿ ಅದನ್ನು ಹೊಡೆಯಿತು. ಇಲ್ಲಿ ಕಪ್ಪಿನ ಹೆಚ್ಚಿನ ಆಟಗಾರರು ಸಿ6ರ ಕುದುರೆಯನ್ನು ಎ5ಕ್ಕೆ ಸರಿಸುತ್ತಾರೆ. ಬರ್ಲಿನರ್ ಹಾಗೆ ಮಾಡಲಿಲ್ಲ. ಪದಾತಿಯನ್ನು ಬಿ5ಕ್ಕೆ ತಳ್ಳಿ ಸಿ4ರ ಒಂಟೆಯನ್ನೇ ಗದರಿಸಿದರು.

ಇದಕ್ಕೆ ಬಿಳಿಯ ಒಳ್ಳೆಯ ಉತ್ತರ ನೋಡಿದರೆ ನಗು ಬರುತ್ತದೆ. ಬಿ5ರ ಪದಾತಿಯನ್ನು ಒಂಟೆ ಹೊಡೆಯುವುದಿಲ್ಲ. ಹೊರಟಲ್ಲಿಗೇ, ಎಫ್1ಕ್ಕೇ ವಾಪಸ್ ಹೋಗುತ್ತದೆ! ಹೊಡೆದರೆ ಕಪ್ಪು ರಾಣಿ ಡಿ5ಕ್ಕೆ ಬಂದು ಒಂಟೆಯ ಮೇಲೂ ಜಿ2ರ ಪದಾತಿಯ ಮೇಲೂ ಒಟ್ಟಿಗೆ ಕಣ್ಣು ಹಾಕುತ್ತದೆ. ಒಂಟೆ ಎಫ್1ರಲ್ಲಿದ್ದರೆ ಜಿ2 ಭದ್ರ. ಎಸ್ಟ್ರಿನ್‌ಗೆ ಇದು ಅಂಗೈ ಗೆರೆಯಷ್ಟು ಪರಿಚಿತ. ಒಂಟೆಯನ್ನು ಮನೆಗೆ ಕಳಿಸಿದರು.

ಆರನೇ ನಡೆಯಲ್ಲಿ ಕಪ್ಪು ಕುದುರೆ ಡಿ4ಕ್ಕೆ ಹಾರಿತು. ಈ ದಾರಿಗೆ ‘ಫ್ರಿಟ್ಜ್ ಪ್ರಭೇದ’ ಎಂದು ಹೆಸರು. ಕಂಪ್ಯೂಟರಿನಲ್ಲಿ ಚೆಸ್ ಆಡುವ ಮಕ್ಕಳಿಗೆ ಫ್ರಿಟ್ಜ್ ಎಂದರೆ ಒಂದು ಸಾಫ್ಟ್‌ವೇರ್ ನೆನಪಾದೀತು. ಇದು ಆ ಫ್ರಿಟ್ಜ್ ಅಲ್ಲ. ಅಲೆಕ್ಸಾಂಡರ್ ಫ್ರಿಟ್ಜ್ ಎಂಬ ಜರ್ಮನ್ ಆಟಗಾರ ಈ ಉಪಾಯವನ್ನು ಸೂಚಿಸಿದ್ದರು. ಅದರ ಬಗ್ಗೆ 1904ರಲ್ಲಿ ಜರ್ಮನ್ ಚೆಸ್ ಪತ್ರಿಕೆಯಲ್ಲಿ ಬರೆದವರು ಕಾರ್ಲ್ ಶ್ಲೆಕ್ಟರ್.

ಅಲ್ಲಿಂದ ಮುಂದೆ: ಬಿಳಿ ಪದಾತಿ ಸಿ3ಕ್ಕೆ ಬಂದು ಡಿ4ರ ಕುದುರೆಯನ್ನು ಬೆದರಿಸಿತು. ಕಪ್ಪಿನ ಇನ್ನೊಂದು ಕುದುರೆ ಡಿ5ರ ಪದಾತಿಯನ್ನು ಹೊಡೆದು ರಾಣಿಗೆ ಜಿ5ರತ್ತ ದಾರಿ ತೆರೆಯಿತು. ಬಿಳಿ ಕುದುರೆ ಇ4ಕ್ಕೆ ತಪ್ಪಿಸಿಕೊಂಡಿತು. ಕಪ್ಪು ರಾಣಿ ಎಚ್4ಕ್ಕೆ ಬಂದು ಅದನ್ನೇ ಅಟ್ಟಿಸಿಕೊಂಡು ಹೋಯಿತು. ಕುದುರೆ ಜಿ3ಕ್ಕೆ. ಕಪ್ಪು ಒಂಟೆ ಜಿ4ಕ್ಕೆ ಬಂದು ಬಿಳಿ ರಾಣಿಯತ್ತ ಬಾಣ ಹೂಡಿತು. ಬಿಳಿ ಪದಾತಿ ಎಫ್3ಕ್ಕೆ ಬಂದು ಅಡ್ಡ ನಿಂತಿತು, ಜೊತೆಗೆ ಆ ಒಂಟೆಯನ್ನೂ ಹೊಡೆಯಲು ಸಿದ್ಧವಾಯಿತು.

ಇಲ್ಲಿ ನಿಲ್ಲಿಸಿ ಬೋರ್ಡ್ ನೋಡಿ. ಬರ್ಲಿನರ್ ಅವರ ಎರಡು ಕಾಯಿಗಳ ಕುತ್ತಿಗೆಗೆ ಕತ್ತಿ ಬಂದಿದೆ. ಡಿ4ರ ಕುದುರೆಗೆ ಸಿ3ರ ಪದಾತಿಯ ಕತ್ತಿ, ಜಿ4ರ ಒಂಟೆಗೆ ಎಫ್3ರ ಪದಾತಿಯ ಕತ್ತಿ. ಇಂಥ ಹೊತ್ತಿನಲ್ಲಿ ಕುದುರೆಯನ್ನು ಎಫ್5ಕ್ಕೆ ಸರಿಸಿ ಜೀವ ಉಳಿಸಿಕೊಳ್ಳುವುದು ಪುಸ್ತಕಗಳು ತೋರಿಸಿದ ದಾರಿ.

ಅಮೆರಿಕದಿಂದ ಬಂದ ಉತ್ತರ ಬೇರೆ. 5554. ಇ5ರ ಪದಾತಿ ಇ4ಕ್ಕೆ, ಒಂದೇ ಹೆಜ್ಜೆ. ಕುದುರೆಯನ್ನೂ ಉಳಿಸಲಿಲ್ಲ, ಒಂಟೆಯನ್ನೂ ಉಳಿಸಲಿಲ್ಲ.

ಹುಚ್ಚೋ, ಲೆಕ್ಕವೋ?

ಎರಡು ಕಾಯಿಗಳನ್ನು ಹೀಗೆ ತಟ್ಟೆಯಲ್ಲಿಟ್ಟು ಕೊಡಲು ಕಾರಣವಿದ್ದೀತೇ? ಬಿಳಿಯ ಸೈನ್ಯ ಎಲ್ಲಿದೆ ಎಂದು ಎಣಿಸಿದರೆ ಉತ್ತರ ಸಿಗುತ್ತದೆ. ಎಸ್ಟ್ರಿನ್ ಆಡಿದ ಹತ್ತು ನಡೆಗಳಲ್ಲಿ ನಾಲ್ಕು ಒಂದೇ ಕುದುರೆಯವು. ಎರಡು ಒಂಟೆಯವು, ಅದೂ ಹೋಗಿ ಬಂದದ್ದು. ಉಳಿದವು ಪದಾತಿಗಳದ್ದು. ಅಂದರೆ ಜಿ3ರ ಕುದುರೆಯೊಂದನ್ನು ಬಿಟ್ಟರೆ ಆನೆ, ಒಂಟೆ, ರಾಣಿ ಎಲ್ಲ ಮೊದಲ ಸಾಲಿನಲ್ಲಿ ಹಾಸಿಗೆ ಬಿಟ್ಟೆದ್ದಿಲ್ಲ. ರಾಜ ನಡುಬೀದಿಯಲ್ಲಿದ್ದಾನೆ. ಕಪ್ಪಿಗೆ ಈಗ ಬೇಕಾದದ್ದು ಸಮಯ. ಕುದುರೆಯನ್ನು ಉಳಿಸಲು ಒಂದು ನಡೆ ಖರ್ಚು ಮಾಡಿದರೆ ಆ ಸಮಯ ಬಿಳಿಯ ಪಾಲಾಗುತ್ತದೆ.

ಎಸ್ಟ್ರಿನ್ ಕುದುರೆಯನ್ನು ಹೊಡೆದರು. ಕಪ್ಪಿನ ಇನ್ನೊಂದು ಒಂಟೆ ಡಿ6ಕ್ಕೆ ಬಂತು. ಬೆದರಿಕೆ ಗೊತ್ತಾಯಿತೇ? ಒಂಟೆ ಜಿ3ರ ಕುದುರೆಯನ್ನು ಹೊಡೆದು ಚೆಕ್ ಕೊಡುತ್ತದೆ. ಎಚ್2ರ ಪದಾತಿ ಅದನ್ನು ಹೊಡೆಯಲು ಪಕ್ಕಕ್ಕೆ ಸರಿದರೆ ಎಚ್4ರ ರಾಣಿ ನೇರವಾಗಿ ಎಚ್1ರ ಆನೆಯನ್ನು ನುಂಗುತ್ತದೆ. ಎಸ್ಟ್ರಿನ್ ಸುಲಭಕ್ಕೆ ಬೀಳುವವರಲ್ಲ. ಒಂಟೆಯಿಂದ ಬಿ5ರ ಪದಾತಿಯನ್ನು ಹೊಡೆದು ಚೆಕ್ ಕೊಟ್ಟರು, ಕಪ್ಪು ರಾಜ ಡಿ8ಕ್ಕೆ ಸರಿದ. ಈಗ ಎಫ್1 ಖಾಲಿ, ಕೂಡಲೇ ಕ್ಯಾಸ್ಲಿಂಗ್. ಎಚ್1ರ ಆನೆ ಪಾರಾಯಿತು.

ಕಪ್ಪು ಪದಾತಿ ಎಫ್3ರಲ್ಲಿ ಹೊಡೆಯಿತು, ಬಿಳಿ ಆನೆ ಅದನ್ನು ಹೊಡೆಯಿತು. ಈಗ ಜಿ4ರ ಒಂಟೆಯ ಬಾಯಿಗೆ ಎಫ್3ರ ಆನೆ ಬಂದಿದೆ. ನೀವಾಗಿದ್ದರೆ? ನಾನಾಗಿದ್ದರೆ ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಬರ್ಲಿನರ್ ಹೊಡೆಯಲಿಲ್ಲ. ಎ8ರಲ್ಲಿದ್ದ ಆನೆಯನ್ನು ಸದ್ದಿಲ್ಲದೆ ಬಿ8ಕ್ಕೆ ಸರಿಸಿ ಬಿ5ರ ಒಂಟೆಯನ್ನು ಕೆಣಕಿದರು. ಆಗಲೇ ಆನೆಯನ್ನು ಹೊಡೆದಿದ್ದರೆ ಬಿಳಿ ರಾಣಿ ಎಫ್3ಕ್ಕೆ ಬಂದು ಡಿ5ರ ಕುದುರೆಯ ಮೇಲೆ ಎರಗುತ್ತಿತ್ತು. ಈಗ ಬಿಳಿ ಒಂಟೆ ಇ2ಕ್ಕೆ ಓಡಿತು. ಆಮೇಲೆ ಕಪ್ಪು ಒಂಟೆ ಎಫ್3ರ ಆನೆಯನ್ನು ಹೊಡೆಯಿತು, ಬಿಳಿ ಒಂಟೆ ಅದನ್ನು ಹೊಡೆಯಿತು. ಕಪ್ಪು ರಾಣಿ ಡಿ4ರ ಪದಾತಿಯನ್ನು ಹೊಡೆದು ಚೆಕ್. ಬಿಳಿ ರಾಜ ಮೂಲೆಗೆ, ಎಚ್1ಕ್ಕೆ. ಕಪ್ಪು ಒಂಟೆ ಜಿ3ರ ಕುದುರೆಯನ್ನು ಹೊಡೆಯಿತು, ಎಚ್ ಪದಾತಿ ಆ ಒಂಟೆಯನ್ನು ಹೊಡೆದು ಜಿ3ಕ್ಕೆ ಬಂತು.

ಲೆಕ್ಕ ಹಾಕಿದರೆ ಬಿಳಿಯ ಬಳಿಯೇ ಹೆಚ್ಚು. ಕಪ್ಪಿಗೆ ಒಂದು ಆನೆ ಹೆಚ್ಚಿದ್ದರೆ ಬಿಳಿಗೆ ಅದರ ಬದಲಿಗೆ ಎರಡು ಕಾಯಿ. ಆದರೆ ಎ1ರ ಆನೆ, ಬಿ1ರ ಕುದುರೆ, ಸಿ1ರ ಒಂಟೆ ಇನ್ನೂ ಮಲಗಿಯೇ ಇವೆ. ರಾಜನ ಮುಂದಿನ ಎಚ್ ಸಾಲು ಬಾಗಿಲು ತೆರೆದ ಮನೆ. ಹದಿನೆಂಟನೇ ನಡೆಗೆ ಬರ್ಲಿನರ್ ಮತ್ತೆ ಸದ್ದಿಲ್ಲದ ಒಂದು ನಡೆ ಆಡಿದರು. ಆನೆ ಬಿ8ರಿಂದ ಬಿ6ಕ್ಕೆ. ಅಲ್ಲಿಂದ ಎಚ್6ಕ್ಕೆ ಹೋಗಿ ಚೆಕ್ ಕೊಡುವುದು ಅದರ ಹಂಚಿಕೆ. ಎಸ್ಟ್ರಿನ್ ಪದಾತಿಯನ್ನು ಡಿ3ಕ್ಕೆ ಸರಿಸಿ ಸಿ1ರ ಒಂಟೆಯಿಂದ ಎಚ್6ಕ್ಕೆ ಕಾವಲು ಹಾಕಿಸಿದರು. ಬರ್ಲಿನರ್ ಕುದುರೆಯನ್ನು ಇ3ಕ್ಕೆ ಎಸೆದರು. ಕಾವಲಿನ ಒಂಟೆ ಅದನ್ನು ಹೊಡೆಯಲೇಬೇಕು, ಹೊಡೆದರೆ ಕಪ್ಪು ರಾಣಿ ಒಂಟೆಯನ್ನು ಹೊಡೆಯುತ್ತದೆ. ಕಾವಲು ಹೋಯಿತು.

ಉಳಿದ ಒಂಟೆಯನ್ನು ಎಸ್ಟ್ರಿನ್ ಜಿ4ರ ಮೂಲಕ ಎಚ್3ಕ್ಕೆ ತಂದು ರಾಜನ ಮುಂದೆ ನಿಲ್ಲಿಸಿದರು. ಕಪ್ಪು ಪದಾತಿಗಳು ಎಚ್5, ಜಿ5, ಜಿ4 ಎಂದು ಮೇಲೆರಗಿದವು. ಕೊನೆಗೂ ಎದ್ದ ಬಿಳಿ ಕುದುರೆ ಡಿ2ರಿಂದ ಸಿ4ಕ್ಕೆ ಜಿಗಿದು ರಾಣಿಯನ್ನೂ ಬಿ6ರ ಆನೆಯನ್ನೂ ಒಟ್ಟಿಗೆ ಹಿಡಿಯಿತು. ಬರ್ಲಿನರ್ ಆನೆಯನ್ನು ಬಿಟ್ಟುಕೊಟ್ಟು ರಾಣಿಯಿಂದ ಜಿ3ರ ಪದಾತಿಯನ್ನು ಹೊಡೆದರು. ಮುಂದಿನ ನಾಲ್ಕು ನಡೆಗಳಲ್ಲಿ ಹೊಡೆದಾಟದ ಹೊಗೆ ಎದ್ದಿತು. ರಾಣಿಗಳೂ ಹೋದವು.

ಹೊಗೆ ಆರಿದ ಮೇಲೆ ಉಳಿದದ್ದು ಇಷ್ಟು. ಇಬ್ಬರಿಗೂ ಒಂದೊಂದು ಆನೆ. ಕಪ್ಪಿಗೆ ನಾಲ್ಕು ಪದಾತಿ, ಬಿಳಿಗೆ ಮೂರು. ಎರಡು ಕಾಯಿಗಳನ್ನು ಎಸೆದು ಶುರುವಾದ ಗಲಾಟೆಯಿಂದ ಬರ್ಲಿನರ್‌ಗೆ ದಕ್ಕಿದ್ದು ಒಂದೇ ಒಂದು ಪದಾತಿ!

ರಾಜನ ಏಳು ಹೆಜ್ಜೆ

ಹೆಚ್ಚಿನವರು ಈ ಆಟವನ್ನು ಹತ್ತನೇ ನಡೆಗಾಗಿ ಹೊಗಳುತ್ತಾರೆ. ನನಗೆ ಹೆಚ್ಚು ಇಷ್ಟ ಮೂವತ್ತನೆಯದು. ಆನೆಗಳು ಮಾತ್ರ ಉಳಿದ ಆಟದಲ್ಲಿ ಒಂದು ಪದಾತಿ ಹೆಚ್ಚಿದ್ದರೂ ಗೆಲುವು ಕಷ್ಟ, ಡ್ರಾ ಆಗುವುದೇ ಹೆಚ್ಚು ಎಂದು ಚೆಸ್ ಕಲಿಸುವ ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ಎಸ್ಟ್ರಿನ್ ಆನೆಯನ್ನು ಎಫ್1ಕ್ಕೆ ತಂದು ಎಫ್7ರ ಪದಾತಿಗೆ ಗುರಿಯಿಟ್ಟರು. ಕಪ್ಪು ರಾಜ ಇ7ಕ್ಕೆ ಬಂದು ಅದನ್ನು ಕಾಯ್ದ. ಬಿಳಿ ಆನೆ ಇ1ರಿಂದ ಚೆಕ್ ಕೊಟ್ಟಿತು. ರಾಜ ಎಫ್6ಕ್ಕೆ ಹೋಗಿದ್ದರೆ ಪದಾತಿಯನ್ನು ಉಳಿಸಿಕೊಳ್ಳುವ ದಾರಿ ಇತ್ತು. ಬರ್ಲಿನರ್ ರಾಜನನ್ನು ಎದುರು ದಿಕ್ಕಿಗೆ, ಡಿ6ಕ್ಕೆ ಕಳಿಸಿದರು. ಕಷ್ಟಪಟ್ಟು ಗಳಿಸಿದ ಒಂದೇ ಪದಾತಿಯನ್ನೂ ತಾನಾಗಿಯೇ ಕೈಬಿಟ್ಟ ಹಾಗಾಯಿತು.

ಬಿಳಿ ಆನೆ ಎಫ್1ಕ್ಕೆ ಮರಳಿತು, ಕಪ್ಪು ಆನೆ ಸಿ8ಕ್ಕೆ ಬಂತು. ಬಿಳಿ ಆನೆ ಎಫ್7ರ ಪದಾತಿಯನ್ನು ಹೊಡೆಯಿತು. ಈಗ ಮೂರಕ್ಕೆ ಮೂರು. ಬರ್ಲಿನರ್ ಆನೆಯನ್ನು ಸಿ7ಕ್ಕೆ ತಂದು, ಬೇಕಿದ್ದರೆ ಆನೆಗೆ ಆನೆ ಬದಲಿಸಿಕೋ ಎಂದರು. ಬದಲಿಸಿದರೆ ರಾಜರಿಬ್ಬರ ಓಟದಲ್ಲಿ ದೂರದ ಎಚ್ ಸಾಲಿನ ಪದಾತಿ ಬಿಳಿ ರಾಜನನ್ನು ಕಟ್ಟಿಹಾಕುತ್ತದೆ, ಅಷ್ಟರಲ್ಲಿ ಕಪ್ಪು ರಾಜ ಡಿ3ರ ಪದಾತಿಯನ್ನು ತಿಂದು ಮುಗಿಸುತ್ತಾನೆ. ಎಸ್ಟ್ರಿನ್ ಬದಲಿಸದೆ ಆನೆಯನ್ನು ಹಿಂದಕ್ಕೆಳೆದರು. ಆದರೂ ಕಪ್ಪು ರಾಜನ ಯಾತ್ರೆ ನಿಲ್ಲಲಿಲ್ಲ. ಇ5, ಡಿ4, ಡಿ3ರಲ್ಲಿ ಪದಾತಿಯ ಊಟ, ಆಮೇಲೆ ಸಿ2. ಇ8ರಲ್ಲಿ ಹುಟ್ಟಿದ ರಾಜ ಏಳು ನಡೆಗಳಲ್ಲಿ ಶತ್ರುವಿನ ಅಂಗಳಕ್ಕೇ ಬಂದು ನಿಂತ. ಅಲ್ಲಿಂದ ತನ್ನ ಬಿ ಪದಾತಿಗೆ ತಾನೇ ಬೆಂಗಾವಲು. ನಲವತ್ತೆರಡನೇ ನಡೆಗೆ ಆ ಪದಾತಿ ಬಿ3 ಮುಟ್ಟಿತು. ಎಸ್ಟ್ರಿನ್ ಸೋಲೊಪ್ಪಿಕೊಂಡರು.

ತಾವೇ ಪುಸ್ತಕ ಬರೆದ ಆರಂಭದಲ್ಲಿ ಅವರು ಸೋತಿದ್ದರು. ಇದರಿಂದ ಅವರನ್ನು ಕಡಿಮೆ ಎಂದುಕೊಳ್ಳಬೇಡಿ. 1972ರಿಂದ 1976ರವರೆಗೆ ನಡೆದ ಏಳನೇ ಚಾಂಪಿಯನ್‌ಷಿಪ್ ಗೆದ್ದು ಎಸ್ಟ್ರಿನ್ ಕೂಡ ವಿಶ್ವ ಅಂಚೆ ಚಾಂಪಿಯನ್ ಆದರು. ಅವರಿಗೆ ಗೊತ್ತಿದ್ದದ್ದೆಲ್ಲ ಸರಿಯಾಗಿಯೇ ಇತ್ತು, ಅವರ ಪುಸ್ತಕ ಮುಗಿಯುವ ಪುಟದ ಆಚೆಗೆ ಇನ್ನೊಬ್ಬರು ತಿಂಗಳುಗಟ್ಟಲೆ ಅಗೆದಿದ್ದರು.

ಬರ್ಲಿನರ್ ಹದಿನಾರು ಆಟಗಳಲ್ಲಿ ಹನ್ನೆರಡು ಗೆದ್ದು ನಾಲ್ಕು ಡ್ರಾ ಮಾಡಿಕೊಂಡರು, ಒಂದನ್ನೂ ಸೋಲಲಿಲ್ಲ. ಎರಡನೇ ಸ್ಥಾನದವರಿಗಿಂತ ಮೂರು ಅಂಕ ಮುಂದೆ. ಅಮೆರಿಕದ ಚೆಸ್ ಲೇಖಕ ಆಂಡ್ರ್ಯೂ ಸೋಲ್ಟಿಸ್ ಇಪ್ಪತ್ತನೇ ಶತಮಾನದ ನೂರು ಅತ್ಯುತ್ತಮ ಆಟಗಳನ್ನು ಆರಿಸಿ ಕ್ರಮಾಂಕ ಕೊಟ್ಟಾಗ ಮೊದಲ ಸ್ಥಾನ ಕೊಟ್ಟದ್ದು ಈ ಆಟಕ್ಕೆ. ಫಿಷರ್, ಕಾಸ್ಪರೋವ್ ಆಟಗಳನ್ನೆಲ್ಲ ದಾಟಿ, ಅಂಚೆಯಲ್ಲಿ ಆಡಿದ ಆಟವೊಂದು ಮೇಲೆ ಕೂತಿತು. ಇದಕ್ಕೆ ಹುಬ್ಬೇರಿಸುವವರೂ ಇದ್ದಾರೆ. ದಿನಗಟ್ಟಲೆ ಯೋಚಿಸಿ ಆಡಿದ್ದನ್ನು ಗಡಿಯಾರದ ಎದುರು ಬೆವರುತ್ತ ಆಡಿದ್ದರ ಜೊತೆ ಹೋಲಿಸಬಹುದೇ ಎಂಬುದು ಅವರ ಪ್ರಶ್ನೆ. ಮನೆಯಲ್ಲಿ ಚರ್ಚೆ ಮಾಡಲು ಒಳ್ಳೆಯ ವಿಷಯ.

ಯಂತ್ರಕ್ಕೆ ಕಲಿಸಿದವರು

ಚಾಂಪಿಯನ್ ಆದ ಮೇಲೆ ಬರ್ಲಿನರ್ ಮತ್ತೆ ವಿದ್ಯಾರ್ಥಿಯಾದರು! ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ 1974ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ ಡಾಕ್ಟರೇಟ್ ಪಡೆದರು. ಅವರ ವಿಷಯ ಕಂಪ್ಯೂಟರಿಗೆ ಚೆಸ್ ಆಡಿಸುವುದು.

ಆಗಿನ ಕಂಪ್ಯೂಟರುಗಳಿಗೆ ಒಂದು ರೋಗವಿತ್ತು. ಇಂತಿಷ್ಟು ನಡೆಗಳವರೆಗೆ ಲೆಕ್ಕ ಹಾಕಿ ಅಲ್ಲಿಗೆ ನಿಲ್ಲಿಸುತ್ತಿದ್ದವು. ಅದರಾಚೆ ಕಾದಿದ್ದ ಅಪಾಯ ಅವಕ್ಕೆ ಕಾಣುತ್ತಿರಲಿಲ್ಲ. ಕೆಲವೊಮ್ಮೆ ಬೇಡದ ನಡೆಗಳನ್ನಾಡಿ ಅಪಾಯವನ್ನು ಕಣ್ಣಳತೆಯ ಆಚೆಗೆ ತಳ್ಳಿ, ಅಪಾಯ ತಪ್ಪಿತೆಂದೇ ಭಾವಿಸುತ್ತಿದ್ದವು. ಪರೀಕ್ಷೆಯನ್ನು ನಾಳೆಗೆ ಮರೆತರೆ ಪರೀಕ್ಷೆಯೇ ಇಲ್ಲವಾಯಿತು ಎಂದುಕೊಳ್ಳುವ ಹುಡುಗನ ಹಾಗೆ. ಇದಕ್ಕೆ ‘ದಿಗಂತ ಪರಿಣಾಮ’ ಎಂದು ಹೆಸರಿಟ್ಟವರು ಬರ್ಲಿನರ್. ಎಫ್7ರ ಪದಾತಿಯನ್ನು ಬಿಟ್ಟುಕೊಟ್ಟು ಹನ್ನೆರಡು ನಡೆಗಳಾಚೆಯ ಬಿ3ರ ಪದಾತಿಯತ್ತ ನಡೆದವರಿಗೆ ಆ ರೋಗ ಬೇಗ ಗುರುತಾದದ್ದರಲ್ಲಿ ಆಶ್ಚರ್ಯವಿಲ್ಲ.

ಅವರು ಬರೆದ ಒಂದು ಪ್ರೋಗ್ರಾಂ 1979ರಲ್ಲಿ ಬ್ಯಾಕ್‌ಗ್ಯಾಮನ್ ಎಂಬ ದಾಳದಾಟದಲ್ಲಿ ವಿಶ್ವ ಚಾಂಪಿಯನ್ನನನ್ನು ಪ್ರದರ್ಶನ ಪಂದ್ಯದಲ್ಲಿ ಸೋಲಿಸಿತು. 1980ರ ದಶಕದಲ್ಲಿ ಅವರ ತಂಡ ಕಟ್ಟಿದ ‘ಹೈಟೆಕ್’ ಎಂಬ ಚೆಸ್ ಯಂತ್ರ 1988ರಲ್ಲಿ ಹಿರಿಯ ಗ್ರ್ಯಾಂಡ್‌ಮಾಸ್ಟರ್ ಆರ್ನಲ್ಡ್ ಡೆಂಕರ್ ಅವರನ್ನು ಮಣಿಸಿತು. ಅದೇ ವಿಶ್ವವಿದ್ಯಾಲಯದಲ್ಲಿ ಬೇರೆ ವಿದ್ಯಾರ್ಥಿಗಳು ಕಟ್ಟಿದ ‘ಡೀಪ್ ಥಾಟ್’ ಮುಂದೆ ‘ಡೀಪ್ ಬ್ಲೂ’ಗೆ ದಾರಿಯಾಯಿತು. 1997ರಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದ್ದು ಆ ಡೀಪ್ ಬ್ಲೂ. ಬರ್ಲಿನರ್ 2017ರಲ್ಲಿ ತೀರಿಕೊಂಡರು.

ಅಂಚೆ ಚೆಸ್ ಈಗಲೂ ಇದೆ, ಅದರ ವಿಶ್ವ ಚಾಂಪಿಯನ್‌ಷಿಪ್ ಈಗಲೂ ನಡೆಯುತ್ತದೆ. ಆದರೆ ಕಾರ್ಡು ಹೋಗಿ ಅಂತರ್ಜಾಲ ಬಂದಿದೆ. ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಲ್ಲಿ ಕಂಪ್ಯೂಟರಿನ ಸಹಾಯ ಪಡೆಯಲು ಅಡ್ಡಿಯಿಲ್ಲ. ಮನೆಯಲ್ಲಿ ಕೂತವರನ್ನು ತಡೆಯುವವರಾದರೂ ಯಾರು? ಎರಡೂ ಕಡೆ ಯಂತ್ರಗಳು ತಪ್ಪು ಮಾಡುವುದಿಲ್ಲವಾದ್ದರಿಂದ ಮೇಲಿನ ಮಟ್ಟದ ಆಟಗಳಲ್ಲಿ ಬಹುಪಾಲು ಡ್ರಾ. ಮೂರು ವರ್ಷ ಕಾರ್ಡು ಬರೆದು ಚಾಂಪಿಯನ್ ಆದವರೇ ಆ ಯಂತ್ರಗಳ ಹಿರಿಯ ಗುರುಗಳಲ್ಲಿ ಒಬ್ಬರು.

ಬೋರ್ಡನ್ನು ಇನ್ನೂ ಎತ್ತಿಡಬೇಡಿ. ಎಸ್ಟ್ರಿನ್ ಸೋಲೊಪ್ಪಿಕೊಂಡಾಗ ಇದ್ದ ಕಾಯಿಗಳು ಇವು. ಬಿಳಿ: ರಾಜ ಎಫ್3, ಆನೆ ಎ7, ಪದಾತಿ ಎ6. ಕಪ್ಪು: ರಾಜ ಸಿ2, ಆನೆ ಜಿ4, ಪದಾತಿಗಳು ಬಿ3 ಮತ್ತು ಎಚ್5. ನಡೆ ಬಿಳಿಯದು. ಬಿಳಿ ರಾಜನ ಪಕ್ಕದಲ್ಲೇ ಕಪ್ಪು ಆನೆ ನಿಂತಿದೆಯಲ್ಲ, ಅದನ್ನು ಯಾಕೆ ಹೊಡೆಯುವಂತಿಲ್ಲ? ಬಿಳಿ ಆನೆ ಬಿ7ಕ್ಕೆ ಹೋಯಿತು, ಕಪ್ಪು ಪದಾತಿ ಬಿ2ಕ್ಕೆ ಬಂತು, ಬಿಳಿ ಪದಾತಿ ಎ7 ಮುಟ್ಟಿ ಇನ್ನೊಂದೇ ಹೆಜ್ಜೆಯಲ್ಲಿ ರಾಣಿಯಾಗಲು ನಿಂತಿತು ಎಂದಿಟ್ಟುಕೊಳ್ಳಿ. ಆಗ ಕಪ್ಪು ಆತುರಪಟ್ಟು ಬಿ1ರಲ್ಲಿ ರಾಣಿ ಮಾಡಿಕೊಂಡರೆ ಬಿಳಿ ಆನೆ ಅದನ್ನು ಹೊಡೆಯುತ್ತದೆ, ಆಮೇಲೆ ಎ8ರಲ್ಲಿ ಬಿಳಿ ರಾಣಿ ಹುಟ್ಟುತ್ತಾಳೆ. ಹಾಗಾದರೆ ಕಪ್ಪಿನ ಸರಿಯಾದ ನಡೆ ಯಾವುದು? ಸುಳಿವು: ಜಿ4ರ ಆನೆಗೆ ಅದೇ ಅಡ್ಡಸಾಲಿನಲ್ಲಿ ಒಂದು ಕೆಲಸವಿದೆ. ಉತ್ತರವನ್ನು ನಾಲ್ಕು ಅಂಕಿಗಳಲ್ಲಿ ಬರೆಯಿರಿ.